ಕಪ್ಪು ಪರದೆಯ ಪೂರ್ವವೃತ್ತಾಂತ

ನವೀಕರಣಾನಂತರ ಲಿನಕ್ಸ್ ಗಣಕವನ್ನು ಮರಳಿ ಆರಂಭಿಸಿದೊಡನೆ ಪರದೆಯು ಕಪ್ಪಾಗಿ, ಎಡಮೂಲೆಯಲ್ಲಿ ಮಿನುಗುವ ಗೆರೆಯೊಂದೇ ಉಳಿಯುವ ಸಂಕಟಕ್ಕೆ ದೀರ್ಘವಾದ ಇತಿಹಾಸವುಂಟು. ಲಿನಕ್ಸಿನ ತಿರುಳಾದ ಕರ್ನಲ್ಲಿನ ಅಂತರಂಗದ ಸಂಪರ್ಕವಿಧಾನಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದೆಂಬುದು ಅದರ ನಿರ್ಮಾಪಕರು ಬುದ್ಧಿಪೂರ್ವಕವಾಗಿ ಅಂಗೀಕರಿಸಿದ ನಿಯಮವಾದುದರಿಂದ, ಮೂಲಸಂಕೇತವನ್ನು ಗೋಪ್ಯವಾಗಿರಿಸಿದ್ದ ಎನ್‌ವಿಡಿಯಾ ಸಂಸ್ಥೆಯ ಗ್ರಾಫಿಕ್ಸ್ ಚಾಲಕವು ಪ್ರತಿಯೊಂದು ಹೊಸ ಕರ್ನಲ್ಲಿಗೂ ಹೊಸದಾಗಿ ಜೋಡಣೆಗೊಳ್ಳಬೇಕಾಯಿತು; ಅದು ತಪ್ಪಿದರೆ ಪರದೆ ಕಪ್ಪಾಗುತ್ತಿತ್ತು. ಈ ಜೋಡಣೆಯನ್ನು ತಾನಾಗಿಯೇ ನೆರವೇರಿಸುವ ಡಿಕೆಎಂಎಸ್ ಎಂಬ ಸಾಧನವನ್ನು ಡೆಲ್ ಸಂಸ್ಥೆಯ ತಂತ್ರಜ್ಞರು 2003ರಲ್ಲಿ ರಚಿಸಿದರು. ಕರ್ನಲ್ಲಿನ ಹೆಡರ್ ಕಡತಗಳಿಲ್ಲದಿದ್ದರೆ ಅದೂ ನಿರುಪಾಯವೇ. 2010ರಲ್ಲಿ, 2.6.33ನೆಯ ಆವೃತ್ತಿಯೊಡನೆ, ಎನ್‌ವಿಡಿಯಾ ಗ್ರಾಫಿಕ್ಸಿಗಾಗಿಯೇ ಇರುವ ನೂವೋ ಎಂಬ ಮುಕ್ತಚಾಲಕವು ಕರ್ನಲ್ಲನ್ನು ಸೇರಿತು. 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರು ಎನ್‌ವಿಡಿಯಾವನ್ನು, ಇಲ್ಲಿ ಬರೆಯಲು ಸಂಕೋಚವಾಗುವಂತಹ ಮಾತಿನಿಂದ, ಹಳಿದರು. ತನ್ನ ಚಾಲಕದ ಕರ್ನಲ್ ಭಾಗದ ಸಂಕೇತವನ್ನು ಆ ಸಂಸ್ಥೆ ಮುಕ್ತಗೊಳಿಸಿದ್ದು 2022ರ ಮೇ ತಿಂಗಳಿನಲ್ಲಿ. ಬಹಳ ತಡವಾಯಿತೆಂದೇ ಹೇಳಬೇಕು. ಇಂದಿಗೂ ಪರದೆ ಕಪ್ಪಾದರೆ, ವಾಚಕರು ಗಣಕ ಆರಂಭವಾಗುವಾಗಿನ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ಲನ್ನು ಆರಿಸಿ ಒಳಹೊಕ್ಕು, ಆ ಬಳಿಕ ಚಾಲಕವನ್ನು ಪುನಃ ಸ್ಥಾಪಿಸತಕ್ಕದ್ದು.