ಎರಡು ಕಣ್ಣಿನ ಚಿತ್ರ, ಒಂದು ಕಣ್ಣಿನ ಗೋಡೆ

ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಊರೆಂದು ನಾಡಿಗೆಲ್ಲ ಪರಿಚಿತ. ಆದರೆ ಅಲ್ಲಿಯ ಸೋಮೇಶ್ವರ ದೇವಾಲಯದ ಉಬ್ಬುಶಿಲ್ಪಗಳನ್ನು ನೋಡಿದವರು ಕಡಿಮೆ. ಏಕಾಂತದ ರಾಮಯ್ಯನೆಂಬ ಶಿವಭಕ್ತ ಜೈನರೊಡನೆ ಪಂತ ಕಟ್ಟಿ, ತನ್ನ ತಲೆಯನ್ನೇ ಅರಿದಿಟ್ಟು ಮರಳಿ ಪಡೆದನೆಂಬ ಕಥೆಯನ್ನು ಅವು ಹೇಳುತ್ತವೆ. ಜೊತೆಗೆ ಪುಟ್ಟ ಪುಟ್ಟ ಕನ್ನಡ ಬರಹಗಳೂ ಇವೆ. ಜೆ.ಎಫ್. ಫ್ಲೀಟ್ ಅವರು ಇಲ್ಲಿಯ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ಅಬಲೂರು ವಿದ್ವಾಂಸರ ಗಮನ ಸೆಳೆಯಿತು.

ಇಂಥ ಶಿಲ್ಪದ ಎದುರು ನಿಂತಾಗ ನಮ್ಮ ಕಣ್ಣು ಸುಮ್ಮನಿರುವುದಿಲ್ಲ. ಕಲ್ಲಿನಿಂದ ಆಕೃತಿ ಎಷ್ಟು ಮುಂದೆ ಬಂದಿದೆ, ಉಳಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅದು ತಾನಾಗಿ ಅಳೆಯುತ್ತದೆ. ಅದೇ ಶಿಲ್ಪದ ಛಾಯಾಚಿತ್ರವನ್ನು ಪುಸ್ತಕದಲ್ಲಿ ನೋಡಿದರೆ ಆಳ ಮಾಯವಾಗಿ ನೆರಳು ಮಾತ್ರ ಉಳಿದಿರುತ್ತದೆ. ಕಾರಣ ಸರಳ. ನಾವು ನೋಡುವುದು ಎರಡು ಕಣ್ಣಿನಿಂದ, ಕ್ಯಾಮೆರಾ ನೋಡುವುದು ಒಂದೇ ಕಣ್ಣಿನಿಂದ. ಈ ಕೊರತೆಯನ್ನು ತುಂಬಲೆಂದು ಹುಟ್ಟಿದ್ದೇ ಸ್ಟೀರಿಯೊ ಛಾಯಾಗ್ರಹಣ, ಅಂದರೆ ಜೋಡಿಚಿತ್ರದ ಕಲೆ. ಒಂದು ಕಾಲಕ್ಕೆ ಲೋಕವನ್ನೇ ಮರುಳುಗೊಳಿಸಿದ ಈ ಕಲೆಗೆ ಗ್ಯಾಲರಿಯ ಗೋಡೆಯ ಮೇಲೆ ಇಂದಿಗೂ ಸರಿಯಾದ ಜಾಗ ಸಿಕ್ಕಿಲ್ಲ. ಹಾಗೇಕಾಯಿತು ಎಂಬುದನ್ನು ನಮ್ಮ ನೆಲದ ಉದಾಹರಣೆಗಳೊಂದಿಗೆ ನೋಡುವುದು ಈ ಬರಹದ ಉದ್ದೇಶ.

ಎರಡು ಕಣ್ಣಿದ್ದೂ ನಮಗೆ ವಸ್ತು ಒಂದೇ ಆಗಿ ಕಾಣುವುದೇಕೆ? ಇದು ಹಳೆಯ ಪ್ರಶ್ನೆ. ಗ್ರೀಕರಲ್ಲಿ ಟಾಲೆಮಿ ಇದರ ಬಗ್ಗೆ ಯೋಚಿಸಿದ್ದ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ (ಸು. 965-1040) ತನ್ನ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಇದನ್ನು ಪ್ರಯೋಗದ ವಿಷಯವನ್ನಾಗಿ ಮಾಡಿದ. ಮೂಗಿನ ಮುಂದೆ ಒಂದು ಹಲಗೆಯನ್ನಿಟ್ಟು, ಅದರ ಮೇಲೆ ಮೇಣದ ತುಣುಕುಗಳನ್ನು ನಿಲ್ಲಿಸಿ, ಯಾವುದು ಒಂದಾಗಿ ಕಾಣುತ್ತದೆ, ಯಾವುದು ಎರಡಾಗಿ ಒಡೆಯುತ್ತದೆ ಎಂದು ಪರೀಕ್ಷಿಸಿದ. ಎರಡೂ ಕಣ್ಣುಗಳಲ್ಲಿ ಒಂದಕ್ಕೊಂದು ಸರಿಹೊಂದುವ ಜಾಗಗಳಲ್ಲಿ ಮೂಡಿದ ಬಿಂಬಗಳು ಕೂಡಿ ಒಂದಾಗುತ್ತವೆ ಎಂಬುದು ಅವನ ತೀರ್ಮಾನ. ಈ ಗ್ರಂಥ ಲ್ಯಾಟಿನ್ನಿಗೆ ಅನುವಾದಗೊಂಡು 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯುರೋಪಿನ ದೃಷ್ಟಿವಿಜ್ಞಾನಕ್ಕೆ ಇದು ಶತಮಾನಗಳ ಕಾಲ ಆಧಾರವಾಗಿತ್ತು. ಸ್ಟೀರಿಯೊ ಚಿತ್ರವನ್ನು ಅವನೇ ಕಂಡುಹಿಡಿದನೆಂದು ಹೆಮ್ಮೆಪಟ್ಟುಕೊಳ್ಳುವ ಅಗತ್ಯವಿಲ್ಲ. ಅದು ನಿಜವೂ ಅಲ್ಲ. ಆದರೆ ಎರಡು ನೋಟಗಳು ಕೂಡಿಯೇ ಒಂದು ನೋಟವಾಗುತ್ತದೆ ಎಂಬ ವಿಚಾರಕ್ಕೆ ಪ್ರಯೋಗದ ಬಲ ಕೊಟ್ಟವರಲ್ಲಿ ಅವನು ಮುಖ್ಯನು.

ಎರಡು ಕಣ್ಣುಗಳಿಗೆ ಕಾಣುವ ಬಿಂಬಗಳ ನಡುವಿನ ಸಣ್ಣ ವ್ಯತ್ಯಾಸವೇ ಆಳದ ಅರಿವು ಕೊಡುತ್ತದೆ ಎಂದು ಉಪಕರಣ ಮಾಡಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್. 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಕನ್ನಡಿಗಳ ಸ್ಟೀರಿಯೊಸ್ಕೋಪನ್ನು ವಿವರಿಸಿದ. ಅದು ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವುದಕ್ಕೆ ಒಂದು ವರ್ಷ ಮೊದಲು. ಆ ಮೇಲೆ ಡೇವಿಡ್ ಬ್ರೂಸ್ಟರ್ ಮಸೂರಗಳಿರುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ನೋಡಿ ಮೆಚ್ಚಿದ್ದೇ ತಡ, ಮಧ್ಯಮವರ್ಗದ ಮನೆಮನೆಗೂ ಅದು ನುಗ್ಗಿತು. 1861ರ ಹೊತ್ತಿಗೆ ಅಮೆರಿಕದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಕೈಯಲ್ಲಿ ಹಿಡಿಯುವ ಅಗ್ಗದ ಮಾದರಿಯೊಂದನ್ನು ಮಾಡಿ, ಅದಕ್ಕೆ ಪೇಟೆಂಟ್ ಪಡೆಯದೆ ಬಿಟ್ಟುಕೊಟ್ಟ. ಒಂದು ರಟ್ಟಿನ ಮೇಲೆ ಅಂಟಿಸಿದ ಎರಡು ಪುಟ್ಟ ಚಿತ್ರಗಳು, ನೋಡಲು ಒಂದು ಕೈಪೆಟ್ಟಿಗೆ. ಇಷ್ಟಿದ್ದರೆ ಈಜಿಪ್ಟಿನ ಪಿರಮಿಡ್ಡು ಕೋಣೆಯೊಳಗೇ ಎದ್ದು ನಿಲ್ಲುತ್ತಿತ್ತು. ಜನ ಇದನ್ನು 'ಬಡವರ ಚಿತ್ರಶಾಲೆ' ಎಂದು ಕರೆದರು.

ಇದೇ ಕಾಲದಲ್ಲಿ ಕ್ಯಾಮೆರಾ ಕನ್ನಡ ನಾಡಿಗೂ ಬಂತು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಡಾ. ನೀಲ್ ಎಂಬ ವೈದ್ಯನೊಡನೆ ಹಳೇಬೀಡು, ಬೇಲೂರುಗಳಿಗೆ ಹೋಗಿ ಗುಡಿಗಳ ಚಿತ್ರ ತೆಗೆದ. 1855ರಲ್ಲಿ ಮದರಾಸಿನಲ್ಲಿ ನಡೆದ ಕಚ್ಚಾವಸ್ತು, ಕಲೆ, ಕೈಗಾರಿಕೆಗಳ ಪ್ರದರ್ಶನದಲ್ಲಿ ಅವನು ಇಟ್ಟ 68 ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ಬಂತು. ಹೊಯ್ಸಳ ಶಿಲ್ಪ ಛಾಯಾಚಿತ್ರವಾಗಿ ಪ್ರದರ್ಶನದ ಗೋಡೆ ಏರಿದ ಮೊದಲ ಸಂದರ್ಭಗಳಲ್ಲಿ ಇದೊಂದು. ಅಲ್ಲಿ ಅದಕ್ಕೆ ಜೊತೆಯಾದದ್ದು ಕಚ್ಚಾವಸ್ತು ಮತ್ತು ಕೈಗಾರಿಕೆ ಎಂಬುದನ್ನೂ ಮರೆಯಬಾರದು. ಮುಂದೆ ಮದರಾಸು ಸರಕಾರದ ಛಾಯಾಗ್ರಾಹಕನಾದ ಟ್ರೈಪ್ 1858ರಲ್ಲಿ ಮಧುರೆ ಮತ್ತು ತಿರುಚಿನಾಪಳ್ಳಿಗಳ ಸ್ಟೀರಿಯೊ ಚಿತ್ರಗಳನ್ನೂ ಹೊರತಂದ.

ಇತ್ತ ಮುಂಬಯಿ ಸರಕಾರ ಧಾರವಾಡ ಸೀಮೆಗೆ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಕಳಿಸಿತು. ಅವನನ್ನು ಸೈನ್ಯ ಮರಳಿ ಕರೆಸಿಕೊಂಡ ಮೇಲೆ ಡಾ. ಪಿಗೂ ಆ ಕೆಲಸ ಮುಂದುವರಿಸಿದ. ಬಿಗ್ಸ್, ಪಿಗೂ, ನೀಲ್ ಈ ಮೂವರ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹದೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೋರ್' ಎಂಬ ಗ್ರಂಥವಾಗಿ ಬಂದವು. ಆಗ ಹಿರೇಕೆರೂರು ಧಾರವಾಡ ಜಿಲ್ಲೆಯ ಕೋಡ ತಾಲೂಕಿನ ಕಚೇರಿಯಿದ್ದ ಊರು. ಇಂದಿನ ಹಾವೇರಿ ಜಿಲ್ಲೆಯ ಕಲ್ಲಿನ ಸಂಪತ್ತು ಹೊರಜಗತ್ತಿಗೆ ಪರಿಚಯವಾದದ್ದು ಇಂಥ ದುಬಾರಿ ಪುಸ್ತಕಗಳ ಮೂಲಕ. ಅವು ಯಾವ ಊರಿನವೋ ಆ ಊರಿನವರ ಕೈಗೆ ಎಂದೂ ಬರಲಿಲ್ಲ.

ಜೋಡಿಚಿತ್ರಗಳ ವ್ಯಾಪಾರ ಮುಂದೆ ಅಮೆರಿಕದ ಕಂಪನಿಗಳ ಪಾಲಾಯಿತು. ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಕಂಪನಿಗಾಗಿ ಜೇಮ್ಸ್ ರಿಕಾಲ್ಟನ್ ಎಂಬ ನಿವೃತ್ತ ಶಾಲಾ ಶಿಕ್ಷಕ ಭಾರತವನ್ನು ಸುತ್ತಿ ತೆಗೆದ ನೂರು ಜೋಡಿಚಿತ್ರಗಳು 1907ರಲ್ಲಿ ಪುಸ್ತಕ ಮತ್ತು ನಕಾಶೆಗಳ ಸಮೇತ ಮಾರಾಟಕ್ಕೆ ಬಂದವು. ನೀವು ನಕಾಶೆಯ ಇಂಥ ಜಾಗದಲ್ಲಿ ನಿಂತಿದ್ದೀರಿ, ಇಂಥ ದಿಕ್ಕಿಗೆ ನೋಡುತ್ತಿದ್ದೀರಿ ಎಂದು ಪುಸ್ತಕ ನಿರ್ದೇಶಿಸುತ್ತಿತ್ತು. ಇದನ್ನು ನಾವು ಎಚ್ಚರದಿಂದ ನೋಡಬೇಕು. ಎಲ್ಲಿ ನಿಲ್ಲಬೇಕೆಂದು ಹೇಳುವವನೇ ಏನು ಕಾಣಬೇಕೆಂಬುದನ್ನೂ ತೀರ್ಮಾನಿಸುತ್ತಾನೆ. ಫಕೀರ, ಸನ್ಯಾಸಿ, ನೃತ್ಯಗಾತಿ, ಹಾವಾಡಿಗ ಎಂದು ಜನರನ್ನು ಜಾತಿ, ಮತ, ಕಸುಬಿನ ಮಾದರಿಗಳಾಗಿ ವಿಂಗಡಿಸಿಡುವುದು ಆ ಕಾಲದ ಇಂಥ ಸರಕುಗಳ ಸಾಮಾನ್ಯ ಗುಣ. ಚಿತ್ರದಲ್ಲಿ ಆಳವಿತ್ತು, ಅಡಿಬರಹದಲ್ಲಿ ಇರಲಿಲ್ಲ.

ಈಗ ಗ್ಯಾಲರಿಯ ಮಾತಿಗೆ ಬರೋಣ. ಜೋಡಿಚಿತ್ರವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರೆ ಒಂದೇ ತರಹದ ಎರಡು ಮಬ್ಬು ಚಿತ್ರಗಳು ಕಾಣುತ್ತವೆ, ಅಷ್ಟೇ. ಬಂದವರು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಅದಕ್ಕೆ ಜೀವ ಬರುವುದು ಪೆಟ್ಟಿಗೆಯಲ್ಲಿ ಕಣ್ಣಿಟ್ಟಾಗ. ಆದರೆ ಪೆಟ್ಟಿಗೆಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ನೋಡಬಹುದು. ಹತ್ತು ಜನರಿಗೆ ಹತ್ತು ಪೆಟ್ಟಿಗೆ ಬೇಕು. ಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಎತ್ತರ ಹೊಂದಿಸಬೇಕು. ಹಳೆಯ ಮೂಲಚಿತ್ರ ಬೆಳಕಿಗೆ ಮಾಸುವುದರಿಂದ ನಕಲು ಮಾಡಿಸಿ ಇಡಬೇಕು. ಕೆಂಪು-ನೀಲಿ ಕನ್ನಡಕದ ಉಪಾಯದಿಂದ ಚಿತ್ರವನ್ನು ದೊಡ್ಡದಾಗಿ ಗೋಡೆಯ ಮೇಲೆ ತೋರಿಸಬಹುದು, ಆದರೆ ಮೂಲದ ಬಣ್ಣ ಕೆಡುತ್ತದೆ. ಧ್ರುವೀಕರಿಸಿದ ಬೆಳಕಿನ ಕನ್ನಡಕದಲ್ಲಿ ಬಣ್ಣ ಉಳಿಯುತ್ತದೆ, ಖರ್ಚು ಹೆಚ್ಚು. ಇನ್ನೊಂದು ತೊಡಕೂ ಇದೆ. ಒಂದು ಕಣ್ಣಿನ ದೃಷ್ಟಿ ಕುಂದಿದವರಿಗೆ ಈ ಆಳ ಕಾಣುವುದೇ ಇಲ್ಲ. ಇಷ್ಟೆಲ್ಲ ರಗಳೆ ಬೇಡವೆಂದು ಗ್ಯಾಲರಿಗಳು ಬಹುಕಾಲ ಈ ಕಲೆಯನ್ನು ಆಟಿಕೆಯ ಸಾಲಿಗೆ ಸೇರಿಸಿ ಬಿಟ್ಟವು. ಮಕ್ಕಳ ವ್ಯೂಮಾಸ್ಟರ್ ನೋಡಿದವರಿಗೆ ಈ ಮಾತು ಅರ್ಥವಾದೀತು.

ಆದರೆ ಮನಸ್ಸಿದ್ದರೆ ಮಾರ್ಗವಿದೆ. 2014-15ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿ 'ಬಡವರ ಚಿತ್ರಶಾಲೆ' ಎಂಬ ಹಳೆಯ ಹೆಸರನ್ನೇ ಇಟ್ಟು ಸ್ಟೀರಿಯೊ ಚಿತ್ರಗಳನ್ನು ಪ್ರದರ್ಶಿಸಿತು. ಹೆಸರಾಂತ ವರ್ಣಚಿತ್ರಗಳನ್ನೂ ಅವುಗಳನ್ನು ಅನುಸರಿಸಿ ತೆಗೆದ ಜೋಡಿಚಿತ್ರಗಳನ್ನೂ ಒಟ್ಟಿಗೆ ಇಟ್ಟದ್ದು ಅದರ ವಿಶೇಷ. ಅದೇ ವೇಳೆಗೆ ಟ್ರೈಪ್‌ನ ಚಿತ್ರಗಳ ದೊಡ್ಡ ಪ್ರದರ್ಶನವೊಂದು ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳನ್ನು ಸುತ್ತಿತು.

ನಮ್ಮ ಜನಕ್ಕೆ ಪೆಟ್ಟಿಗೆಯೊಳಗೆ ಕಣ್ಣಿಟ್ಟು ನೋಡುವುದು ಹೊಸದೇನಲ್ಲ. ಜಾತ್ರೆ, ಉರುಸುಗಳಲ್ಲಿ ಬಯಾಸ್ಕೋಪ್ ಪೆಟ್ಟಿಗೆಯವನ ಸುತ್ತ ಹುಡುಗರು ಮುಗಿಬೀಳುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಅದು ಸ್ಟೀರಿಯೊ ಅಲ್ಲದಿರಬಹುದು. ಆದರೆ ಸರದಿ ನಿಂತು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ ಅಲ್ಲಿತ್ತು. ನಗರದ ಗ್ಯಾಲರಿ ಕಷ್ಟವೆಂದು ಕೈಬಿಟ್ಟದ್ದನ್ನು ಜಾತ್ರೆಯ ಬಯಲು ಸಲೀಸಾಗಿ ಮಾಡುತ್ತಿತ್ತು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿಕೊಟ್ಟಿದೆ. ಜನ ಅಲ್ಲಿ ಕಲೆಯ ನಡುವೆಯೇ ಓಡಾಡುತ್ತಾರೆ. ಅಂದರೆ ಕಲೆ ನೋಡುವ ಹಸಿವು ಇಲ್ಲಿಲ್ಲ ಎನ್ನುವಂತಿಲ್ಲ.

ಇದು ಬರೀ ಹವ್ಯಾಸದ ಮಾತೂ ಅಲ್ಲ. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೆನೆಯಿರಿ. ಆಫ್ರಿಕಾ ಮೂಲದ ಆ ಮೂರು ದೈತ್ಯ ಮರಗಳ ದಪ್ಪವನ್ನು ಯಾವ ಚಪ್ಪಟೆ ಚಿತ್ರವೂ ಹೇಳಲಾರದು. 2023ರ ಜುಲೈನಲ್ಲಿ ಅವುಗಳಲ್ಲೊಂದು ಉರುಳಿಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು ನಿಜ, ಆದರೆ ಮೊದಲು ನಿಂತಿದ್ದ ನಿಲುವು ಹೋಯಿತು. ಕಲ್ಲೂ ಮರವೂ ಅಲುಗುವುದಿಲ್ಲವಾದ್ದರಿಂದ ಅವುಗಳ ಜೋಡಿಚಿತ್ರಕ್ಕೆ ವಿಶೇಷ ಕ್ಯಾಮೆರಾ ಬೇಕಿಲ್ಲ. ಒಂದು ಚಿತ್ರ ತೆಗೆದು, ಕಣ್ಣುಗಳ ನಡುವಿನ ಅಂತರದಷ್ಟು, ಅಂದರೆ ಆರೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆದರೆ ಸಾಕು. ಇದನ್ನು ಕಿಸೆಯಲ್ಲಿರುವ ಮೊಬೈಲೇ ಮಾಡಬಲ್ಲದು. ಅಬಲೂರಿನ ಶಿಲ್ಪ, ಹಾನಗಲ್ಲಿನ ತಾರಕೇಶ್ವರ, ಸವಣೂರಿನ ನವಾಬರ ಕಾಲದ ಕಟ್ಟಡ, ಅದೇ ಊರಿನ ಸತ್ಯಬೋಧ ಮಠ ಇವನ್ನೆಲ್ಲ ಶಾಲೆಯ ಮಕ್ಕಳೇ ಹೀಗೆ ದಾಖಲಿಸಿ, ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ತಾಲೂಕು ಮಟ್ಟದಲ್ಲಿ ಪ್ರದರ್ಶಿಸಬಹುದು.

ಜೋಡಿಚಿತ್ರಕ್ಕೆ ಮೂರು ನಿಯಮಗಳಿವೆ. ಎರಡೂ ಚಿತ್ರ ಒಂದೇ ಆಗಿದ್ದರೆ ಆಳ ಹುಟ್ಟುವುದಿಲ್ಲ. ಎಡಬಲ ಅದಲುಬದಲಾದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಎರಡರ ನಡುವಿನ ದೂರ ಅತಿಯಾದರೆ ನೋಟ ಒಡೆದು ತಲೆ ನೋಯುತ್ತದೆ. ಇತಿಹಾಸಕ್ಕೂ ಇವು ಸಲ್ಲುತ್ತವೆ. ಅಬಲೂರಿನ ಕಲ್ಲು ಶೈವರ ಕಣ್ಣಿನಿಂದ ಕಂಡದ್ದನ್ನು ಹೇಳುತ್ತದೆ. ಸೋತವರೆನಿಸಿಕೊಂಡ ಜೈನರ ನೋಟ ಅಲ್ಲಿಲ್ಲ. ಸವಣೂರಿನಲ್ಲಿ ನವಾಬರನ್ನು ಮಾತ್ರ ಅಥವಾ ಮಠವನ್ನು ಮಾತ್ರ ನೋಡುವವರಿಗೆ, ಎರಡೂ ಒಂದೇ ಊರಿನಲ್ಲಿ ಬಾಳಿದ ಬಗೆ ಕಾಣುವುದಿಲ್ಲ. ಶಿಶುನಾಳ ಷರೀಫರನ್ನೂ ಅವರ ಗುರು ಗೋವಿಂದ ಭಟ್ಟರನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ತೂಗುಹಾಕಿದರೆ ಇಬ್ಬರೂ ಚಪ್ಪಟೆಯಾಗುತ್ತಾರೆ.

ಒಂದು ಕಣ್ಣು ಮುಚ್ಚಿಕೊಂಡು ನೋಡುವುದು ಸುಲಭ. ಗುರಿ ಇಟ್ಟು ಹೊಡೆಯುವವರು ನೋಡುವುದೂ ಹಾಗೆಯೇ. ನೆರೆಹೊರೆಯಲ್ಲಿ ಬಾಳಬೇಕಾದ ನಮಗೆ ಎರಡೂ ಕಣ್ಣು ಬೇಕು.