ಗೋಡೆಯ ಕ್ಯಾಲೆಂಡರಿನಲ್ಲಿ ಖಾಡಾ: ಮಾಧವನಗರ ಭಾಗದಲ್ಲಿ ಕೂಸು ನೋಡುವವರ ರಜೆಯ ತಕರಾರು

ಮನೆಗೆಲಸದವರನ್ನು ಕುರಿತ ಭಾರತೀಯ ಅಧ್ಯಯನಗಳಲ್ಲಿ ರಾಕಾ ರೇ ಮತ್ತು ಸೀಮಿನ್ ಕಯೂಮ್ ಅವರ ‘ಕಲ್ಚರ್ಸ್ ಆಫ್ ಸರ್ವಿಟ್ಯೂಡ್’ (2009) ಬಹುವಾಗಿ ಚರ್ಚೆಗೆ ಬಂದ ಗ್ರಂಥ. ಕೆಲಸದವಳನ್ನು ‘ಮನೆಯವಳೇ’ ಎಂದು ಕರೆಯುವ ಅಕ್ಕರೆಯ ಮಾತು ಅಸಮಾನತೆಯನ್ನು ಹೇಗೆ ಮುಚ್ಚಿಡುತ್ತದೆ ಎಂಬುದನ್ನು ಅವರು ಕೋಲ್ಕತ್ತದ ಮನೆಗಳ ಆಧಾರದಿಂದ ತೋರಿಸಿದರು. ಊಳಿಗದ ಹಳೆಯ ಸಂಬಂಧ ಕರಾರಿನ ಕಡೆಗೆ ಸರಿಯುತ್ತಿದೆ, ಆದರೆ ಪೂರ್ತಿ ಸರಿದಿಲ್ಲ ಎಂಬುದು ಅವರ ವಿವೇಚನೆಯ ಸಾರ. ಇದನ್ನು ಒಪ್ಪಿದರೆ, ರಜೆಯ ಜಗಳಕ್ಕೆ ಕರಾರಿನ ಕೊರತೆಯೇ ಮೂಲ ಎನ್ನಬೇಕಾಗುತ್ತದೆ. ಸಾಂಗಲಿ, ಮಿರಜ, ಮಾಧವನಗರಗಳ ಮಟ್ಟಿಗಾದರೂ ಈ ತೀರ್ಮಾನ ಸಾಲದು ಎಂದು ಈ ಲೇಖನ ವಾದಿಸುತ್ತದೆ.

ಕಾನೂನಿನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ಪುಣೆಯ ಮನೆಗೆಲಸದ ಹೆಂಗಸರು 1980ರಲ್ಲಿ ಮುಷ್ಕರ ಹೂಡಿದರು. ಆಗ ರೂಪುಗೊಂಡ ಪುಣೆ ಶಹರ ಮೋಲಕರೀಣ ಸಂಘಟನೆ ಪಗಾರದ ಜೊತೆಗೆ ಸಂಬಳಸಹಿತ ರಜೆಯನ್ನೂ ಕೇಳಿತು. ಮಹಾರಾಷ್ಟ್ರದ ಗೃಹಕಾರ್ಮಿಕರ ಕಲ್ಯಾಣ ಮಂಡಳಿ ಕಾಯ್ದೆ (2008) ನೋಂದಣಿ ಮತ್ತು ನೆರವಿನ ಕಾಯ್ದೆಯಾಗಿಯೇ ಉಳಿಯಿತು. ವಾರದ ರಜೆಯನ್ನು ಅದು ವಿಧಿಸಲಿಲ್ಲ. ಮಿರಜದಿಂದ ಹೊರಟು ಕಾಗವಾಡ ಮುಟ್ಟಿದರೆ ಕರ್ನಾಟಕ. ಅಲ್ಲಿ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೆಯ ಒಡಂಬಡಿಕೆ (2011) ವಾರಕ್ಕೆ ಸತತ 24 ಗಂಟೆಗಳ ಬಿಡುವನ್ನು ಹೇಳುತ್ತದೆ. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ, ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಇಷ್ಟರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಇರುವುದು ಬರವಣಿಗೆಯ ವಿಷಯದಲ್ಲಿ. ಈ ಸಂಬಂಧ ಬರೀ ಬಾಯಿಮಾತಿನದು, ಇದಕ್ಕೆ ಕಾಗದಪತ್ರವಿಲ್ಲ ಎಂದು ಹೆಚ್ಚಿನ ಅಧ್ಯಯನಗಳು ಹೇಳಿಬಿಡುತ್ತವೆ. ಕರಾರುಪತ್ರ ಇಲ್ಲವೆಂಬುದು ನಿಜ. ಆದರೆ ದಾಖಲೆಯೇ ಇಲ್ಲವೆನ್ನುವುದು ಸರಿಯಲ್ಲ, ಅದು ಅಡುಗೆಮನೆಯ ಗೋಡೆಯ ಮೇಲೇ ಇದೆ. ಜಯಂತ ಸಾಳಗಾಂವಕರ 1973ರಲ್ಲಿ ಆರಂಭಿಸಿದ ‘ಕಾಲನಿರ್ಣಯ’ ಈ ಭಾಗದಲ್ಲಿ ಮರಾಠಿ, ಕನ್ನಡ ಎರಡೂ ಮಾತಿನ ಮನೆಗಳಲ್ಲಿ ತೂಗುತ್ತದೆ. ಅದರ ತಿಂಗಳ ಪುಟವೇ ಮನೆಯ ಲೆಕ್ಕದ ವಹಿ. ತಾರೀಖಿನ ಚೌಕದ ಒಂದು ಮೂಲೆಯಲ್ಲಿ ಹಾಲಿನ ಲೀಟರು, ಗ್ಯಾಸ್ ಸಿಲಿಂಡರು ಬಂದ ದಿನದ ಸುತ್ತ ಒಂದು ಸುತ್ತು, ಕೆಲಸದ ಬಾಯಿ ಬಾರದ ದಿನಕ್ಕೆ ಪೆನ್ಸಿಲಿನ ಕಾಟು ಅಥವಾ ‘ಖಾಡಾ’ ಎಂಬ ಎರಡೇ ಅಕ್ಷರ. ತಿಂಗಳ ಕೊನೆಗೆ ಆ ಗುರುತುಗಳನ್ನು ಎಣಿಸಿ ಪಗಾರ ಮುರಿಯುತ್ತಾರೆ, ಇಲ್ಲವೆ ‘ಹೋಗಲಿ ಬಿಡು’ ಎಂದು ಬಿಡುತ್ತಾರೆ.

ಈ ಪುಟದಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಕೂಸಿನ ತಾಯಿ ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸು ಎಂದಿಟ್ಟುಕೊಳ್ಳೋಣ. ವಾನ್‌ಲೆಸ್ ಆಸ್ಪತ್ರೆ 1894ರಲ್ಲಿ ತೊಡಗಿದಂದಿನಿಂದ ಮಿರಜ ದವಾಖಾನೆಗಳ ಊರು. ಅಲ್ಲಿ ಪಾಳಿ ಮುಗಿಯುವ ಹೊತ್ತಿಗೂ ಮನೆ ಮುಟ್ಟುವ ಹೊತ್ತಿಗೂ ತಾಳೆಯಿರುವುದಿಲ್ಲ. ಕೂಸು ನೋಡುವ ಮಾವಶಿ ಸಂಜೆ ಆರಕ್ಕೆ ಹೊರಡಬೇಕಾದವಳು ಎಂಟರವರೆಗೆ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಎರಡು ಗಂಟೆಗೆ ಚೌಕದಲ್ಲಿ ಯಾವ ಗುರುತೂ ಬೀಳುವುದಿಲ್ಲ. ಬಾರದ ದಿನ ಬರಹಕ್ಕೆ ಬರುತ್ತದೆ, ಹೆಚ್ಚು ನಿಂತ ಹೊತ್ತು ಬರುವುದಿಲ್ಲ. ಮೊದಲನೆಯದು ಲೆಕ್ಕವಾಗುತ್ತದೆ, ಎರಡನೆಯದು ಅಕ್ಕರೆಯಾಗುತ್ತದೆ. ಹಾಗಾಗಿ ಅಕ್ಕರೆಯ ಮಾತನ್ನೂ ಕರಾರಿನ ಮಾತನ್ನೂ ಹಳತು-ಹೊಸತು ಎಂದು ಕಾಲಕ್ರಮದಲ್ಲಿ ಜೋಡಿಸುವುದು ಇಲ್ಲಿ ಒಪ್ಪುವುದಿಲ್ಲ. ಎರಡೂ ಒಂದೇ ಪುಟದಲ್ಲಿ, ಒಂದೇ ದಿನ, ಒಂದೇ ಕೈಯಿಂದ ನಡೆಯುತ್ತವೆ.

ಮಾಧವನಗರವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದು ಹತ್ತಿಗಿರಣಿ, ಮಗ್ಗಗಳ ಊರು. ಹಾಜರಿ ಪುಸ್ತಕ ಇಲ್ಲಿಯ ಜನಕ್ಕೆ ಹೊಸದಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ ಮುಂಬಯಿ ಗಿರಣಿಗಳಿಗೆ ರವಿವಾರದ ಸೂಟಿ ಸಿಕ್ಕಿದ್ದು 1890ರ ಜೂನ್ 10ರಂದು. 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಡ್ಡಾಯ ಮಾಡಿತು, ತಪ್ಪಿದ ರಜೆಗೆ ಬದಲಿ ರಜೆ ಕೊಡಿಸಿತು, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನು ಗೊತ್ತುಮಾಡಿತು. ಕಾಯ್ದೆಯಂತೆ ಇಟ್ಟ ಪುಸ್ತಕದಲ್ಲಿ ಗೈರುಹಾಜರಿಗೂ ಓವರ್‌ಟೈಮಿಗೂ ಜಾಗವಿರಬೇಕಿತ್ತು. ಅಡುಗೆಮನೆಗೆ ಬಂದದ್ದು ಆ ಪುಸ್ತಕದ ಅರ್ಧ ಮಾತ್ರ.

ಇನ್ನೊಂದು ಆಕ್ಷೇಪವನ್ನೂ ಇದೇ ಪುಟದ ಮೇಲೆ ಒರೆಹಚ್ಚಬಹುದು. ‘ಹೇಳದೆ ಕೇಳದೆ ಸೂಟಿ ಹಾಕ್ತಾಳ್ರಿ’ ಎಂಬುದು ತಾಯಂದಿರ ಸಾಮಾನ್ಯ ದೂರು. ಗಡಿಭಾಗದ ಹೆಂಗಸರು ಸೂಟಿ ಕೇಳುವುದು ಹೆಚ್ಚಾಗಿ ಯಾವಾಗ? ಮಾಘದ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ, ಅದೇ ಹುಣ್ಣಿಮೆಗೆ ಸವದತ್ತಿಯಲ್ಲಿ ಎಲ್ಲಮ್ಮನ ಜಾತ್ರೆ. ಶ್ರಾವಣದಲ್ಲಿ ತವರಿಗೆ ಹೋಗುವ ನಾಗರಪಂಚಮಿ. ಈ ತಿಥಿಗಳೆಲ್ಲ ಅದೇ ಕ್ಯಾಲೆಂಡರಿನಲ್ಲಿ ವರ್ಷದ ಆರಂಭಕ್ಕೇ ಅಚ್ಚಾಗಿರುತ್ತವೆ. ‘ವೈನಿ, ಹುಣ್ಣಿವಿಗೆ ಚಿಂಚಲಿಗೆ ಹೋಗೂದೈತ್ರಿ’ ಎಂಬ ಮಾತು ಹಠಾತ್ತನೆ ಬಂದದ್ದಲ್ಲ, ಹಠಾತ್ತನೆ ಕೇಳಿಸಿಕೊಂಡದ್ದು. ಜ್ವರ, ಮಕ್ಕಳ ಕಾಯಿಲೆ, ಊರಿನ ಸಾವು ಇವುಗಳಿಗೆ ಈ ಮಾತು ಅನ್ವಯಿಸದು, ನಿಜ. ಆದರೆ ಮೊದಲೇ ಗೊತ್ತಿರುವ ರಜೆಯನ್ನೂ ಅದೇ ಖಾಡಾದ ಗುರುತಿನಲ್ಲಿ ಹಾಕುವುದರಿಂದ ಎರಡರ ಭೇದ ಅಳಿದುಹೋಗುತ್ತದೆ.

ತಾಯಂದಿರ ಕಡೆಯ ನ್ಯಾಯವನ್ನು ಮರೆಯುವಂತಿಲ್ಲ. ತೊಳೆಯದ ಪಾತ್ರೆ ನಾಳೆಯವರೆಗೆ ಬಚ್ಚಲಲ್ಲಿ ಕಾಯುತ್ತದೆ, ಕೂಸು ಕಾಯುವುದಿಲ್ಲ. ಮಾವಶಿಯ ಒಂದು ಖಾಡಾ ಎಂದರೆ ತಾಯಿಯ ಒಂದು ಸಿ.ಎಲ್., ಕೆಲವೊಮ್ಮೆ ಒಂದು ದಿನದ ಸಂಬಳ. ತಂದೆಯ ರಜೆ ಈ ಲೆಕ್ಕಕ್ಕೆ ಬರುವುದು ಅಪರೂಪ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಶಿಶುಪಾಲನಾ ಕೇಂದ್ರದ ಹೊಣೆ ಬಿದ್ದದ್ದು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳ ಮೇಲೆ. ಸಣ್ಣ ನರ್ಸಿಂಗ್ ಹೋಮು, ಅಂಗಡಿ, ಮಗ್ಗದ ಶೆಡ್ಡು ಅದರ ಹೊರಗೆ. ಕರ್ನಾಟಕ 2023ರಿಂದ ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುತ್ತಿರುವುದು ಕೂಲಿಗೆ ಹೋಗುವ ತಾಯಂದಿರಿಗೆ ನೆರವಾಗಲೆಂದು. ಕೂಸಿಗೆ ಇನ್ನೊಂದು ನೆಲೆ ಇದ್ದರೆ ಮಾವಶಿಯ ಸೂಟಿ ಜಗಳದ ಮಟ್ಟ ಮುಟ್ಟಲಾರದು ಎಂದು ನಾನು ನಂಬುತ್ತೇನೆ. ಕೂಸು ನೋಡುವುದನ್ನು ಕಸ-ಮುಸುರೆಯ ಜೊತೆ ಒಂದೇ ತಕ್ಕಡಿಯಲ್ಲಿಟ್ಟು ರಜೆಯ ನಿಯಮ ಮಾಡುವುದು ಈ ಕಾರಣಕ್ಕೇ ತಪ್ಪು.

ಈಗ ನನ್ನ ಮುಖ್ಯ ಪ್ರತಿಪಾದನೆ: ಈ ಭಾಗದಲ್ಲಿ ರಜೆಯ ತಕರಾರನ್ನು ಬೆಳೆಸುವುದು ಕರಾರಿನ ಕೊರತೆಗಿಂತ ಹೆಚ್ಚಾಗಿ ಒಂದೇ ಕಡೆಯ ದಾಖಲೆ. ಈ ಮಾತಿಗೆ ಮಿತಿಗಳಿವೆ. ಹಗಲು ಬಂದು ಹೋಗುವವರಿಗೆ ಇದು ಹೊಂದುತ್ತದೆ. ಮನೆಯಲ್ಲೇ ಉಳಿಯುವವರಿಗೆ ಬಹುಶಃ ಹೊಂದದು, ಅಲ್ಲಿ ರೇ-ಕಯೂಮ್ ಅವರ ವಿವರಣೆಯೇ ಬಲವಾದದ್ದು. ಕ್ಯಾಲೆಂಡರಿನಲ್ಲಿ ಲೆಕ್ಕ ಬರೆಯದ ಮನೆಗಳೂ ಇವೆ. ದಾಖಲೆಯ ಓರೆ ಜಗಳಕ್ಕೆ ಕಾರಣವೋ, ಅಥವಾ ಮೊದಲೇ ಇದ್ದ ಅಪನಂಬಿಕೆಯ ಫಲವೋ ಎಂಬುದನ್ನು ಗೋಡೆಯ ಪುಟಗಳಷ್ಟರಿಂದ ಸಾಬೀತುಪಡಿಸಲಾಗದು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಇದು ಕೆಲಸ ಕೊಡುವವರ ಕೈಬರಹ. ಮಾವಶಿಯರು ತಮ್ಮ ಹೆಚ್ಚಿನ ಹೊತ್ತನ್ನು ಹೇಗೆ ನೆನಪಿಡುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಾಗಿದೆ. ಯಾವ ಜಾತಿಯವರ ಯಾವ ಜಾತ್ರೆಗೆ ಸೂಟಿ ಸಲೀಸಾಗಿ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ನಾನಿಲ್ಲಿ ಮುಟ್ಟಿಲ್ಲ. ಲೆಕ್ಕ ಮೊಬೈಲಿಗೆ ಹೋದ ಮೇಲೆ ಏನಾಗಿದೆ ಎಂಬುದೂ ಬೇರೆಯೇ ಅಧ್ಯಯನ ಬೇಡುತ್ತದೆ.

ಹಳೆಯ ಕ್ಯಾಲೆಂಡರುಗಳು ಪ್ರತಿ ಜನವರಿಯಲ್ಲಿ ರದ್ದಿಗೆ ಹೋಗುತ್ತವೆ. ಸಾಂಗಲಿ, ಮಿರಜ, ಅಥಣಿ, ಚಿಕ್ಕೋಡಿ ಕಡೆಯ ಓದುಗರ ಮನೆಯಲ್ಲಿ ಅಂಥವು ಉಳಿದಿದ್ದರೆ, ಹೆಸರುಗಳನ್ನು ಮರೆಮಾಡಿ, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಬೇಕೆಂದು ಕೋರುತ್ತೇನೆ.