‘ನಾಯಿ ಇದೆ, ಎಚ್ಚರಿಕೆ’: ಫಲಕ ತೂಗುಹಾಕಿದರೆ ಹೊಣೆ ಮುಗಿಯದು

‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಕಾಣಸಿಗದ ಬಡಾವಣೆ ರಾಜ್ಯದ ಯಾವ ನಗರದಲ್ಲಿಯೂ ಇರಲಾರದು. ಕಳ್ಳರನ್ನು ದೂರವಿಡುವುದು ಈ ಫಲಕದ ಉದ್ದೇಶ. ಆದರೆ ಅದನ್ನು ದಿನವೂ ಓದುವವರು ಕಳ್ಳರಲ್ಲ. ಹಾಲು ಹಾಕುವ ಹುಡುಗ, ಅಂಚೆಯವ, ಮನೆಗೆಲಸದ ಹೆಂಗಸು, ಶಾಲಾ ವಾಹನಕ್ಕೆ ಕಾಯುವ ಮಕ್ಕಳು. ಗೇಟು ಸರಿಯಾಗಿ ಮುಚ್ಚದ ಒಂದು ದಿನ ಇವರಲ್ಲಿ ಯಾರಾದರೂ ಕಚ್ಚಿಸಿಕೊಂಡರೆ, ಫಲಕವಿತ್ತೆಂಬ ಮಾತ್ರಕ್ಕೆ ಮಾಲೀಕ ಹೊಣೆಯಿಂದ ಪಾರಾಗುವುದಿಲ್ಲ. ನಾಯಿ ಸಾಕುವುದು ಹವ್ಯಾಸವಾಗಿರಬಹುದು, ಪ್ರತಿಷ್ಠೆಯೂ ಆಗಿರಬಹುದು. ಕಾನೂನಿನ ಹಾಗೂ ಸಾರ್ವಜನಿಕ ಆರೋಗ್ಯದ ದೃಷ್ಟಿಯಲ್ಲಿ ಅದು ಮೊದಲಿಗೆ ಒಂದು ಜವಾಬ್ದಾರಿ.

ಮನೆಗೆ ತರುವ ಮುನ್ನ

ನೆರೆಹೊರೆಗೆ ಉಪದ್ರವವಾಗುವ ನಾಯಿಗಳ ಪೈಕಿ ಬಹುಪಾಲು ಹುಟ್ಟಿನಿಂದ ದುಷ್ಟವಲ್ಲ. ತಪ್ಪು ಮನೆಗೆ ಬಂದು ಸೇರಿದವು. ಹಿಮಪ್ರದೇಶದ ದಟ್ಟ ತುಪ್ಪಳದ ಹಸ್ಕಿ, ಸೇಂಟ್ ಬರ್ನಾರ್ಡ್ ತಳಿಗಳು ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಬಸವಳಿಯುತ್ತವೆ. ನಮ್ಮದೇ ನಾಡಿನ ಮುಧೋಳ ನಾಯಿಯೂ ಎಲ್ಲ ಮನೆಗಳಿಗೂ ಹೊಂದುವಂಥದ್ದಲ್ಲ. ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ಈ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂದಿತು; ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವೂ ಇದೆ. ಓಟವೇ ಇದರ ಸ್ವಭಾವ. ಎರಡು ಕೋಣೆಯ ಮನೆಯ ಬಾಲ್ಕನಿಯಲ್ಲಿ ಕಟ್ಟಿಹಾಕಿದ ಮುಧೋಳ ನಾಯಿ ಕುರ್ಚಿ ಕಚ್ಚಿ ಹರಿದರೆ, ರಾತ್ರಿಯಿಡೀ ಊಳಿಟ್ಟರೆ ತಪ್ಪು ನಾಯಿಯದಲ್ಲ.

ಆದ್ದರಿಂದ ನಾಯಿಯನ್ನು ಆರಿಸುವಾಗ ಅಂದಕ್ಕಿಂತ ಮೊದಲು ಮನೆಯ ವಿಸ್ತಾರ, ದಿನವೂ ಅಡ್ಡಾಡಿಸಲು ದೊರೆಯುವ ಸಮಯ, ಹಗಲಿನಲ್ಲಿ ಮನೆಯಲ್ಲಿರುವವರು ಯಾರೆಂಬುದನ್ನು ಯೋಚಿಸಬೇಕು. ನಾಯಿಯ ಆಯಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ. ಇಂದಿನ ಮುದ್ದುಮರಿ ಮಗನ ಕಾಲೇಜು ಮುಗಿಯುವವರೆಗೂ ಮನೆಯ ಸದಸ್ಯ. ಎಂಟು ವಾರ ತುಂಬದ ಮರಿಗಳನ್ನು ಮಾರುವುದನ್ನು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನಿಷೇಧಿಸಿವೆ. ತಾಯಿ ಹಾಗೂ ಒಡಹುಟ್ಟಿದ ಮರಿಗಳ ಜತೆ ಈ ವಾರಗಳನ್ನು ಕಳೆದ ಮರಿ, ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಆಟದಲ್ಲಿಯೇ ಕಲಿತಿರುತ್ತದೆ.

ಲಸಿಕೆ ಹಾಗೂ ಸಂತಾನಹರಣ

ಮರಿಗೆ ಆರರಿಂದ ಎಂಟು ವಾರವಾದಾಗ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ವಿರುದ್ಧದ ಲಸಿಕೆ ಆರಂಭವಾಗುತ್ತದೆ. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರ ಸಲಹೆಯಂತೆ ಪ್ರತಿವರ್ಷ ಪುನರಾವರ್ತಿಸಬೇಕು. ಲಸಿಕೆಯ ಪುಸ್ತಕವನ್ನು ಮನೆಯ ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡುವುದು ಒಳಿತು. ನಾಯಿ ಯಾರನ್ನಾದರೂ ಕಚ್ಚಿದ ದಿನ ವೈದ್ಯರು ಮೊದಲು ವಿಚಾರಿಸುವುದು ಅದನ್ನೇ.

ಮರಿಗಳು ಬೇಡವಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಜಾಣತನ. ಹೆಣ್ಣುನಾಯಿ ಗರ್ಭ ಧರಿಸಿ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಸಾಕಲಾಗದ ಆ ಮರಿಗಳು ಕಡೆಗೆ ಸೇರುವುದು ಬೀದಿಯನ್ನೇ. ಬೆಂಗಳೂರಿನಲ್ಲಿ 2023ರಲ್ಲಿ ನಡೆದ ಗಣತಿಯ ಪ್ರಕಾರ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಸಾಕುನಾಯಿಗೆ ಲಸಿಕೆ, ಜಂತುನಾಶಕ ಔಷಧಿ ಹಾಗೂ ಸಂತಾನಹರಣದ ಹೊಣೆ ಮಾಲೀಕನದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಬೊಗಳುವುದೇಕೆ?

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಗೇಟು ತೆರೆಯುವುದು ಅಪಾಯಕರ. ಬೊಗಳುವ ನಾಯಿ ಕಚ್ಚಲೂಬಹುದು. ಕಚ್ಚದಿದ್ದರೂ ಪಕ್ಕದ ಮನೆಯ ಪರೀಕ್ಷೆಗೆ ಓದುವ ಹುಡುಗಿಯ, ರಾತ್ರಿಪಾಳಿ ಮುಗಿಸಿ ಬಂದವರ ನೆಮ್ಮದಿ ಕೆಡಿಸಬಹುದು.

ಎಡೆಬಿಡದೆ ಬೊಗಳುವುದಕ್ಕೆ ಸಾಮಾನ್ಯ ಕಾರಣಗಳು ಕೆಲವೇ: ಬೇಸರ, ಒಂಟಿತನ, ಹೆದರಿಕೆ, ತನ್ನ ಎಲ್ಲೆಯನ್ನು ಕಾಯುವ ಪ್ರವೃತ್ತಿ, ದೇಹದ ನೋವು. ಯಾವ ಹೊತ್ತಿನಲ್ಲಿ, ಏನನ್ನು ಕಂಡು ಬೊಗಳುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟರೆ ಕಾರಣ ಬಹುಮಟ್ಟಿಗೆ ತಾನಾಗಿಯೇ ಗೋಚರಿಸುತ್ತದೆ.

ಗೇಟಿನ ಸಂದಿಯಿಂದ ದಾರಿಹೋಕರನ್ನು ಕಂಡು ಬೊಗಳುವ ನಾಯಿಗೆ ಗೇಟಿಗೆ ತಗಡು ಹೊಡೆದು ನೋಟ ಮರೆಮಾಡಿದರೆ ಅರ್ಧ ಸಮಸ್ಯೆ ತಗ್ಗುತ್ತದೆ. ಮನೆಯವರು ಹೊರಟೊಡನೆ ಊಳಿಡುವ ನಾಯಿಯನ್ನು ಮೊದಲು ಐದು ನಿಮಿಷ, ಅನಂತರ ಹತ್ತು ನಿಮಿಷ ಎಂದು ಕ್ರಮೇಣ ಒಂಟಿತನಕ್ಕೆ ಒಗ್ಗಿಸಬೇಕು. ಬೇಸರದಿಂದ ಬೊಗಳುವುದಕ್ಕೆ ಮದ್ದು, ಬೆಳಗ್ಗೆ ಮತ್ತು ಸಂಜೆಯ ನಡಿಗೆ. ರಾತ್ರಿ ಹೊರಗೆ ಕಟ್ಟಿದಾಗ ಮಾತ್ರ ಗದ್ದಲ ಮಾಡುವ ನಾಯಿಯನ್ನು ಮನೆಯೊಳಗೆ ಮಲಗಿಸುವುದೇ ಸುಲಭ ಪರಿಹಾರ.

ಕೋಲಿನಿಂದ ಹೊಡೆಯುವುದು, ಕಿರುಚುವುದು ಫಲ ನೀಡುವುದಿಲ್ಲ. ಯಜಮಾನ ಕೂಗಿದರೆ ತನಗೆ ದನಿಗೂಡಿಸುತ್ತಿದ್ದಾನೆಂದೇ ನಾಯಿ ಭಾವಿಸಬಹುದು. ಹೊಡೆದರೆ ಹೆದರಿಕೆ ಹೆಚ್ಚಿ ಕಚ್ಚುವ ಹಂತಕ್ಕೂ ಹೋಗಬಹುದು. ಬೊಗಳುವುದನ್ನು ನಿಲ್ಲಿಸಿದ ಕ್ಷಣದಲ್ಲಿಯೇ ಮೆಚ್ಚುಗೆಯ ಮಾತು ಹಾಗೂ ತಿನಿಸು ಕೊಟ್ಟು, ಸುಮ್ಮನಿರುವುದು ಲಾಭಕರ ಎಂದು ಕಲಿಸುವುದೇ ಪರಿಣಾಮಕಾರಿ ವಿಧಾನ. ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು. ಅಪ್ಪ ಗದರಿಸಿದ್ದಕ್ಕೆ ಅಜ್ಜಿ ಬಿಸ್ಕತ್ತು ಕೊಟ್ಟರೆ ನಾಯಿ ಕಲಿಯುವುದು ಅಜ್ಜಿಯ ಪಾಠವನ್ನೇ. ಇದ್ದಕ್ಕಿದ್ದಂತೆ ನಾಯಿಯ ವರ್ತನೆ ಬದಲಾದರೆ ತರಬೇತುದಾರನಿಗಿಂತ ಮೊದಲು ಪಶುವೈದ್ಯರನ್ನು ಕಾಣುವುದು ಲೇಸು.

ಬೀದಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ

ಮನೆಯ ಹೊರಗೆ ನಾಯಿ ಸದಾ ಹಗ್ಗದ ತುದಿಯಲ್ಲಿರಬೇಕು. ಹಗ್ಗ ಅದನ್ನು ಹಿಡಿದು ನಿಲ್ಲಿಸಬಲ್ಲವರ ಕೈಯಲ್ಲಿರಬೇಕು. ಮೂವತ್ತು ಕಿಲೋ ತೂಕದ ನಾಯಿಯನ್ನು ಹತ್ತು ವರ್ಷದ ಬಾಲಕನ ಕೈಗೆ ಕೊಟ್ಟು ಕಳಿಸುವುದು ಇಬ್ಬರಿಗೂ ಅನ್ಯಾಯ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ಭರವಸೆ ಹೆದರಿ ನಿಂತವರಿಗೆ ಸಮಾಧಾನವಾಗದು. ಹಿಂದೆ ಕಚ್ಚಿದ ಚರಿತ್ರೆಯಿರುವ ನಾಯಿಗೆ ಜನರಿರುವಲ್ಲಿ ಬಾಯಿಕುಕ್ಕೆ ತೊಡಿಸಬೇಕು. ಅದು ಬಾಯಿ ತೆರೆದು ಏದುಸಿರು ಬಿಡಲು ಅವಕಾಶವಿರುವಂಥದ್ದಾಗಿರಬೇಕು. ಕೊರಳಪಟ್ಟಿಯಲ್ಲಿ ಮಾಲೀಕನ ದೂರವಾಣಿ ಸಂಖ್ಯೆ ಇರಲಿ. ಮಲವನ್ನು ಕಾಗದ ಅಥವಾ ಚೀಲದಲ್ಲಿ ಎತ್ತಿ ವಿಲೇವಾರಿ ಮಾಡುವುದು ಕೀಳು ಕೆಲಸವಲ್ಲ. ಅದನ್ನು ಇನ್ನೊಬ್ಬರ ಬಾಗಿಲಲ್ಲಿ ಬಿಟ್ಟುಬರುವುದು ಕೀಳು.

ಇತ್ತ ನಿವಾಸಿಗಳ ಸಂಘಗಳಿಗೂ ಮಿತಿಯಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಬಹುಮತದ ನಿರ್ಣಯವಿದ್ದರೂ ಸಂಘಗಳು ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ. ಲಿಫ್ಟ್ ಬಳಕೆಗೆ ಅಡ್ಡಿಪಡಿಸುವಂತೆಯೂ ಇಲ್ಲ. ತಳಿಯ ಹೆಸರಿನಲ್ಲಿ ನಿಷೇಧ ಹೇರುವುದೂ ಸುಲಭವಲ್ಲ. 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಅದನ್ನು ಹೊರಡಿಸಿದ್ದು ಅದರ ಮುಖ್ಯ ಲೋಪವಾಗಿತ್ತು.

ಕಾನೂನು ಏನನ್ನುತ್ತದೆ?

ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಸಂಭವಿಸದಂತೆ ಸಾಕಷ್ಟು ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಆರು ತಿಂಗಳವರೆಗೆ ಸೆರೆವಾಸ, 5 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2024ರ ಜುಲೈ 1ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ದಂಡದ ಮಿತಿ ಒಂದು ಸಾವಿರ ರೂಪಾಯಿ ಇತ್ತು. ಅಪಾಯಕಾರಿ ಪ್ರಾಣಿಯನ್ನು ಬಂಧನದಲ್ಲಿಡುವಂತೆ ಆದೇಶಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ.

ಹಾಗೆಂದು ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು ಪರಿಹಾರವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದು, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡಿಸದಿರುವುದು, ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಇವೆಲ್ಲವೂ ಹಿಂಸೆಯೇ. ಬೇಡವಾದ ನಾಯಿಯನ್ನು ಕಾರಿನಲ್ಲಿ ಒಯ್ದು ಊರಾಚೆ ಬಿಟ್ಟುಬರುವವರು ಈ ಮಾತನ್ನು ನೆನಪಿಡಬೇಕು. ನಾಯಿಗೆ ವಿಷವಿಕ್ಕುವುದು ಇನ್ನೂ ಗಂಭೀರ ಅಪರಾಧ. ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆಯಿದೆ.

ನೆರೆಯವರು ಏನು ಮಾಡಬಹುದು?

ಮೊದಲ ಹೆಜ್ಜೆ ಠಾಣೆಯಲ್ಲ, ಮಾತುಕತೆ. ತಾವು ಕೆಲಸಕ್ಕೆ ಹೋದ ಮೇಲೆ ನಾಯಿ ಬೊಗಳುತ್ತದೆ ಎಂಬುದೇ ಎಷ್ಟೋ ಮಾಲೀಕರಿಗೆ ತಿಳಿದಿರುವುದಿಲ್ಲ. ಸಿಟ್ಟಿನ ಭರದಲ್ಲಿ ಅಲ್ಲದೆ, ಮರುದಿನ ಸಾವಧಾನವಾಗಿ ಹೋಗಿ ತಿಳಿಸಿದರೆ ಎಷ್ಟೋ ಜಗಳಗಳು ಅಲ್ಲಿಗೇ ಮುಗಿಯುತ್ತವೆ. ಫಲಿಸದಿದ್ದರೆ ದಿನಾಂಕ, ವೇಳೆ, ಘಟನೆಯ ವಿವರಗಳನ್ನು ದಾಖಲಿಸಿಟ್ಟುಕೊಂಡು ನಿವಾಸಿಗಳ ಸಂಘಕ್ಕೆ, ಅನಂತರ ಸ್ಥಳೀಯ ಸಂಸ್ಥೆಯ ಪಶುವೈದ್ಯ ವಿಭಾಗಕ್ಕೆ ಲಿಖಿತ ದೂರು ನೀಡಬಹುದು. ಕಚ್ಚಿದ ಪ್ರಕರಣವಾದರೆ ಚಿಕಿತ್ಸೆಯ ದಾಖಲೆಗಳೊಂದಿಗೆ ಪೊಲೀಸರಿಗೂ ದೂರು ಕೊಡಬಹುದು.

ಕಚ್ಚಿದರೆ ತಡ ಬೇಡ

ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ದೊರೆತರೆ ಅದನ್ನು ತಡೆಯಬಹುದು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೆ ನೀಡುವ ಕ್ರಮದಲ್ಲಿ ಲಸಿಕೆಯನ್ನು ಮೊದಲ ದಿನ, ಅನಂತರ 3, 7 ಹಾಗೂ 28ನೇ ದಿನಗಳಂದು ಹಾಕಲಾಗುತ್ತದೆ. ರಕ್ತ ಬರುವಂಥ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಅಗತ್ಯ. ಹೊಟ್ಟೆಗೆ 14 ಚುಚ್ಚುಮದ್ದು ಹಾಕುತ್ತಾರೆಂಬ ಹಳೆಯ ಭಯ ಈಗ ನಿರಾಧಾರ. ಆ ಲಸಿಕೆಯ ಬಳಕೆ ದೇಶದಲ್ಲಿ ನಿಂತು ಎರಡು ದಶಕಗಳಾಗಿವೆ.

ಕಚ್ಚಿದ ನಾಯಿಯನ್ನು ಕೊಲ್ಲದೆ, ಅಟ್ಟಿಬಿಡದೆ ಹತ್ತು ದಿನ ಕಟ್ಟಿಹಾಕಿ ಗಮನಿಸಬೇಕು. ಅಷ್ಟು ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ಅರ್ಥ. ಆದರೆ ಈ ಹತ್ತು ದಿನ ಕಾಯುತ್ತ ಲಸಿಕೆಯನ್ನು ಮುಂದೂಡುವಂತಿಲ್ಲ. ಸಾಕುನಾಯಿಯೇ ಅಲ್ಲವೇ ಎಂಬ ಸಂಕೋಚದಿಂದ, ಪರಿಚಯದ ಮನೆಯೆಂಬ ದಾಕ್ಷಿಣ್ಯದಿಂದ ಚಿಕಿತ್ಸೆ ಬಿಡುವುದು ಜೀವದೊಡನೆ ಆಡುವ ಜೂಜು. ನಾಯಿಯ ಮಾಲೀಕನೇ ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಕರೆದೊಯ್ದು, ಲಸಿಕೆಯ ಪುಸ್ತಕ ತೋರಿಸಿ, ಹತ್ತು ದಿನವೂ ನಾಯಿಯ ಸುದ್ದಿ ಮುಟ್ಟಿಸಿದರೆ ಆ ಬೀದಿಯಲ್ಲಿ ನಾಯಿಯೂ ಉಳಿಯುತ್ತದೆ, ನೆರೆತನವೂ ಉಳಿಯುತ್ತದೆ.